ಸರಿಪಡಿಸಿದ ಕಣ್ಣು: ಒಂದು

2009ನೇ ಇಸವಿ ಮಾರ್ಚ್ 14, ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಂಪ್ಯೂಟರಿನ ಗಡಿಯಾರ ನೋಡಿ, ವೇಳೆಯನ್ನು ಕೆಲಸದ ಪುಸ್ತಕದಲ್ಲಿ ಬರೆದುಕೊಂಡ ಮೇಲೆಯೇ ನಾನು ಹೊಸ ತಂತ್ರಾಂಶದ ಗುಂಡಿ ಒತ್ತಿದ್ದು. ಹೊಸದೇನನ್ನಾದರೂ ಮೊದಲ ಸಲ ಬಳಸುವಾಗ ದಿನಾಂಕ, ವೇಳೆ ಬರೆಯುವುದು ಕಾಲೇಜಿನ ಪ್ರಯೋಗಾಲಯದಿಂದ ಬಂದ ಅಭ್ಯಾಸ. ದೊಡ್ಡಪ್ಪನಿಗೆ ಅದನ್ನು ಕಂಡರೆ ನಗು.

ಸ್ಟುಡಿಯೋ ದೊಡ್ಡಪ್ಪನದು. ಮೂರು ಕೋಣೆ. ರಸ್ತೆಗೆ ಮುಖಮಾಡಿದ ಮುಂಗೋಣೆಯಲ್ಲಿ ಗಾಜಿನ ಕೌಂಟರ್, ನಡುವೆ ಕಿಟಕಿಯೇ ಇಲ್ಲದ ಶೂಟಿಂಗ್ ಕೋಣೆ, ಹಿಂದೆ ನನ್ನ ಕೋಣೆ: ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ತನ್ನಿಷ್ಟದಂತೆ ತಿರುಗುವ ಒಂದು ಫ್ಯಾನು. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಇಲ್ಲಿಗೆ ಬಂದವಳು ಐದು ವರ್ಷದಿಂದ ಇಲ್ಲೇ ಇದ್ದೇನೆ. ದೊಡ್ಡಪ್ಪ ನನ್ನನ್ನು ‘ವಿಜ್ಞಾನಿ’ ಎಂದು ಕರೆಯುತ್ತಾರೆ. ಅದು ಹೊಗಳಿಕೆಯಲ್ಲ.

ನನ್ನ ಕೆಲಸದ ಅರ್ಧ ಭಾಗ ಕೆಂಪು ಕಣ್ಣನ್ನು ಕಪ್ಪು ಮಾಡುವುದು. ಜನರ ಕೈಯಲ್ಲಿರುವ ಚಿಕ್ಕ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ದೀಪ ಲೆನ್ಸಿಗೆ ಅಂಟಿಕೊಂಡಂತೆ ಇರುತ್ತದೆ. ಮಬ್ಬು ಬೆಳಕಿನಲ್ಲಿ ಕಣ್ಣಿನ ಪಾಪೆ ಹಿಗ್ಗಿರುತ್ತದೆ. ಫ್ಲ್ಯಾಶ್ ಬೆಳಕು ಅದರೊಳಗೆ ಹೊಕ್ಕು, ಕಣ್ಣಿನ ಹಿಂಗೋಡೆಯ ರಕ್ತನಾಳಗಳಿಗೆ ಬಡಿದು, ಪಾಪೆ ಕುಗ್ಗುವ ಮೊದಲೇ ಬಂದ ದಾರಿಯಲ್ಲೇ ಮರಳುತ್ತದೆ. ಫೋಟೋದಲ್ಲಿ ಎರಡು ಕೆಂಡ ಕಾಣುತ್ತವೆ. ಅಜ್ಜಿಯೂ ಒಂದೇ, ಮದುಮಗಳೂ ಒಂದೇ. ನಾನು ಆ ಕೆಂಡಗಳನ್ನು ಒಂದೊಂದಾಗಿ ಆರಿಸುತ್ತೇನೆ.

ಕೈಯಲ್ಲಿ ಮಾಡುವಾಗ ನನ್ನದೇ ಒಂದು ಕ್ರಮವಿತ್ತು. ಎರಡು ಕಣ್ಣೂ ಕೆಂಪಾಗಿದ್ದರೆ ಎರಡಕ್ಕೂ ಕಪ್ಪು ತುಂಬುವುದು. ಒಂದು ಕಣ್ಣು ಹಠ ಮಾಡಿದರೆ, ಅಂದರೆ ಕನ್ನಡಕದ ಹೊಳಪಿಗೋ ಕಿಟಕಿಯ ಬೆಳಕಿಗೋ ಬಿಳಿಚಿಕೊಂಡು ಕಪ್ಪು ಹಿಡಿಯದಿದ್ದರೆ, ಸರಿಯಾದ ಕಣ್ಣಿನ ಪಾಪೆಯನ್ನು ನಕಲು ಮಾಡಿ ಅದರ ಮೇಲೆ ಅಂಟಿಸುವುದು. ಮಿನುಗಿನ ಚುಕ್ಕೆಯನ್ನು ಸರಿಯಾದ ಕಡೆಗೆ ಸರಿಸಿದರೆ ಹೆತ್ತ ತಾಯಿಗೂ ಗೊತ್ತಾಗುವುದಿಲ್ಲ. ಮೂಲ ಚಿತ್ರದ ಮೇಲೆಯೇ ಉಳಿಸಬೇಕು, ಎರಡೆರಡು ಪ್ರತಿ ಇಡಬಾರದು ಎಂಬುದು ದೊಡ್ಡಪ್ಪನ ನಿಯಮ. ಆಮೇಲೆ ಕೆಲಸದ ಪುಸ್ತಕದಲ್ಲಿ ಗುರುತು: ಬಲದಿಂದ ಎಡಕ್ಕೆ ಅಂಟಿಸಿದ್ದರೆ ‘ಬ→ಎ’.

ಹೊಸ ತಂತ್ರಾಂಶಕ್ಕೆ ಈ ಜಾಣತನವಿರಲಿಲ್ಲ. ಮುಖ ಹುಡುಕುತ್ತದೆ, ಕೆಂಪು ಹುಡುಕುತ್ತದೆ, ಆರಿಸುತ್ತದೆ, ಎಷ್ಟು ಆರಿಸಿದೆನೆಂದು ಪಟ್ಟಿ ಕೊಡುತ್ತದೆ. ಮೊದಲ ಪ್ರಯೋಗಕ್ಕೆ ಮನೆಯದೇ ಇರಲಿ ಎಂದು ಅಕ್ಕ ಹಿಂದಿನ ದಿನ ಕೊಟ್ಟುಹೋಗಿದ್ದ ಕಾರ್ಡನ್ನು ಹಾಕಿದೆ. ನಲವತ್ತೊಂದು ಫೋಟೋ. ಎರಡು ನಿಮಿಷದಲ್ಲಿ ಪಟ್ಟಿ ಬಂತು.

ಅಕ್ಕ ಒಬ್ಬಳೇ ಇರುವ ಫೋಟೋ: ಸರಿಪಡಿಸಿದ ಕಣ್ಣು 2. ಭಾವ ಪೆಟ್ಟಿಗೆ ಕಟ್ಟುತ್ತಿರುವುದು: 2. ಅಕ್ಕ, ಭಾವ, ಮಗು: 5.

ಐದು. ಮಗು ಕಣ್ಣು ಮಿಟುಕಿಸಿರಬೇಕು ಎಂದುಕೊಂಡೆ.

ಮಗು ಒಬ್ಬಳೇ: 1. ಮಗು, ಬಕೆಟ್ಟು: 1. ಮಗು ಮಂಚದ ಮೇಲೆ: 1.

ಮಗುವಿಗೆ ಆಗ ಒಂದು ವರ್ಷ ಹತ್ತು ತಿಂಗಳು. ನಿಂತಲ್ಲಿ ನಿಲ್ಲದೆ ಸುತ್ತುವುದರಿಂದ ಎಲ್ಲರೂ ಅವಳನ್ನು ಬುಗುರಿ ಎಂದೇ ಕರೆಯುತ್ತಿದ್ದರು. ಬುಗುರಿ ಲೆನ್ಸನ್ನು ನೇರವಾಗಿ ನೋಡುತ್ತಿದ್ದ ಫೋಟೋಗಳು ಹತ್ತೊಂಬತ್ತು. ಹತ್ತೊಂಬತ್ತರ ಮುಂದೆಯೂ ಒಂದು, ಒಂದು, ಒಂದು.

ಮೊದಲನೆಯದನ್ನು ತೆರೆದು ಮುಖವನ್ನು ಹಿಗ್ಗಿಸಿದೆ. ಬಲಗಣ್ಣಿನ ಪಾಪೆ ಕಪ್ಪು, ತಂತ್ರಾಂಶ ಆರಿಸಿದ್ದು. ಎಡಗಣ್ಣಿನಲ್ಲಿ ಆರಿಸಲು ಕೆಂಪೇ ಇರಲಿಲ್ಲ. ಹಾಲು ಬಿದ್ದ ಗಾಜಿನಂತೆ ತುಸು ಹಳದಿ ಬೆರೆತ ಬಿಳಿ ಇತ್ತು. ಎರಡನೆಯದರಲ್ಲೂ ಅದೇ. ಹತ್ತೊಂಬತ್ತನ್ನೂ ತೆರೆದು ನೋಡಿದೆ.

ಬಿಳಿ ಹೊಳಪು ಕಂಡಕೂಡಲೇ ಹೆದರಬೇಕಾಗಿಲ್ಲ ಎಂದು ನನಗೆ ಗೊತ್ತಿತ್ತು. ಕಣ್ಣಿನ ನರ ಒಳಗೆ ಸೇರುವ ಜಾಗ ತಾನಾಗಿಯೇ ಬಿಳಿಚಿರುತ್ತದೆ. ಮಗು ಮೂಗಿನ ಕಡೆಗೆ ಸ್ವಲ್ಪ ಓರೆಯಾಗಿ ನೋಡುವಾಗ ಫ್ಲ್ಯಾಶ್ ಬೆಳಕು ಸರಿಯಾಗಿ ಅಲ್ಲಿಗೇ ಬಿದ್ದರೆ ಆರೋಗ್ಯವಂತ ಕಣ್ಣೂ ಬೆಳ್ಳಗೆ ಕಾಣಬಹುದು. ಈ ವಿವರಣೆಯನ್ನು ನಾನು ಹಿಂದೆಯೂ ನನಗೇ ಕೊಟ್ಟುಕೊಂಡಿದ್ದೆ. ವಿವರಣೆ ಗೊತ್ತಿರುವವರಿಗೆ ಆಶ್ಚರ್ಯ ಕಡಿಮೆ. ಆದರೆ ಹತ್ತೊಂಬತ್ತು ಸಲವೂ, ನೇರ ನೋಟದಲ್ಲಿ, ಅದೇ ಕಣ್ಣು?

ಕೆಂಪು ಬರಬೇಕಾದರೆ ಬೆಳಕು ರಕ್ತದ ಗೋಡೆಯನ್ನು ಮುಟ್ಟಿ ಮರಳಬೇಕು. ಬಿಳಿ ಮರಳುತ್ತಿದೆ ಎಂದರೆ ಗೋಡೆಗೆ ಮುಂಚೆ ಏನೋ ಇದೆ. ಅಷ್ಟು ಭೌತಶಾಸ್ತ್ರ ಸಾಕಿತ್ತು. ಊರಾಚೆಯ ಕಣ್ಣಾಸ್ಪತ್ರೆಯ ನಂಬರನ್ನು ಡೈರೆಕ್ಟರಿಯಲ್ಲಿ ಹುಡುಕಿ ಫೋನ್ ಮಾಡಿದೆ. ಎತ್ತಿದ ನರ್ಸ್ ಮೊದಲು ಆಕಳಿಸುವ ದನಿಯಲ್ಲಿದ್ದಳು.

“ಫೋಟೋದಲ್ಲಿ ಕಣ್ಣು ಬೆಳ್ಳಗೆ ಕಾಣುತ್ತಾ? ಒಂದೇ ಕಣ್ಣಾ?”

“ಒಂದೇ. ಎಡಗಣ್ಣು.”

“ವಯಸ್ಸೆಷ್ಟು?”

ಹೇಳಿದೆ. ಆ ಕಡೆ ಕುರ್ಚಿ ಎಳೆದ ಸದ್ದು. “ಇವತ್ತೇ ಕರ್ಕೊಂಡು ಬನ್ನಿ. ಹನ್ನೆರಡೂವರೆಗೆ ಚೀಟಿ ಕೊಡೋದು ನಿಲ್ಲಿಸ್ತೀವಿ. ಆಮೇಲೆ ಡಾಕ್ಟರ್ ಸಿಗೋದು ಸೋಮವಾರಾನೇ.”

“ಅಷ್ಟು ಅರ್ಜೆಂಟಾ?”

“ಏನೂ ಇಲ್ಲದೆ ಇರಬಹುದಮ್ಮ. ಇದ್ರೆ, ಕಾಯೋ ಅಂಥದ್ದಲ್ಲ.”

ಅಕ್ಕ, ಭಾವ, ಬುಗುರಿ ಹನ್ನೊಂದಕ್ಕೆ ಬರುವವರಿದ್ದರು. ಪ್ರಿಂಟ್ ತೆಗೆದುಕೊಂಡು, ಎರಡು ಹತ್ತರ ಬಸ್ಸಿಗೆ ಭಾವನಿಗೆ ವರ್ಗವಾದ ಹೊಸ ಊರಿಗೆ. ಹತ್ತು ಗಂಟೆಯ ಪ್ರಯಾಣ. ಸಾಮಾನು ಆಗಲೇ ಲಾರಿಯಲ್ಲಿ ಹೋಗಿತ್ತು, ಸೋಮವಾರ ಭಾವ ಅಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು.

ಕಾಯುವ ಹೊತ್ತಿಗೆ ಕೆಲಸದ ಪುಸ್ತಕ ತೆರೆದೆ. ಅಕ್ಕನ ಕಾರ್ಡು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು. ಬುಗುರಿಯ ನೇರ ನೋಟದ ಫೋಟೋ ಎಷ್ಟು, ಅದರಲ್ಲಿ ‘ಬ→ಎ’ ಗುರುತು ಎಷ್ಟು ಎಂದು ಒಂದು ಹಾಳೆಯಲ್ಲಿ ಇಳಿಸಿಕೊಂಡೆ. ಜುಲೈ: ಒಂಬತ್ತರಲ್ಲಿ ಒಂದು. ಸೆಪ್ಟೆಂಬರ್: ಹನ್ನೊಂದರಲ್ಲಿ ಎರಡು. ನವೆಂಬರ್: ಹದಿನಾಲ್ಕರಲ್ಲಿ ಆರು. ಜನವರಿ: ಹದಿನಾರರಲ್ಲಿ ಹನ್ನೆರಡು. ಇವತ್ತು: ಹತ್ತೊಂಬತ್ತರಲ್ಲಿ ಹತ್ತೊಂಬತ್ತು.

ಗ್ರಾಫ್ ಎಳೆಯಬೇಕಾಗಿರಲಿಲ್ಲ. ಎಂಟು ತಿಂಗಳಿಂದ ಏನೋ ಬೆಳೆಯುತ್ತಿತ್ತು. ಎಂಟು ತಿಂಗಳಿಂದ ನಾನದನ್ನು ತಪ್ಪದೆ ಅಳೆದು ಬರೆದಿಟ್ಟಿದ್ದೆ, ತಪ್ಪದೆ ಮುಚ್ಚಿದ್ದೆ. ಅಕ್ಕನ ಆಲ್ಬಮ್ಮಿನಲ್ಲಿ ಬುಗುರಿಗೆ ಎಲ್ಲ ಕಡೆಯೂ ಎರಡು ಒಳ್ಳೆಯ ಕಣ್ಣು. ಮೂಲ ಚಿತ್ರಗಳು ಎಲ್ಲೂ ಉಳಿದಿರಲಿಲ್ಲ. ಇದು ನನ್ನ ಮತ್ತು ಈ ಪುಸ್ತಕದ ನಡುವಿನ ವಿಷಯ. ಪುಸ್ತಕವನ್ನು ಡ್ರಾಯರಿಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಡ್ರಾಯರನ್ನು ಎಳೆದೂ ಎಳೆದೆ. ಆಗ ಮುಂಗೋಣೆಯಲ್ಲಿ ದೊಡ್ಡಪ್ಪನ ದನಿ ಕೇಳಿತು.

“ಬನ್ನಿ ಅಳಿಯಂದ್ರೇ! ನನ್ನ ಕೌಂಟರ್ ಇವತ್ತು ಎಷ್ಟು ಮಿಲಿಮೀಟರ್ ಕಮ್ಮಿ ಇದೆಯೋ ನೋಡಿ ಹೇಳಿ!”

ಭಾವ ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿಗಳ ತಕ್ಕಡಿ, ಮೀಟರುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವವರು. ಮನೆಯ ಗಡಿಯಾರವನ್ನೂ ರೇಡಿಯೋ ಕೇಳಿಯೇ ನಂಬುವವರು. ಅಳೆದೂ ಸುರಿದೂ ಮಾತಾಡುತ್ತಾರೆ ಎಂದು ಅಕ್ಕನ ದೂರು.

ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದಕ್ಕೆ ಬಂದೆ. ಬುಗುರಿ ಆಗಲೇ ಕೌಂಟರಿನ ಸುತ್ತ ಎರಡು ಸುತ್ತು ಹಾಕಿ, ಬಾಗಿಲಿನ ಅಂಚಿಗೆ ಎಡಭುಜ ತಾಗಿಸಿಕೊಂಡು, ಅಳದೆ ಮುಂದೆ ಓಡಿದಳು.

“ಯಾವಾಗ್ಲೂ ಅದೇ ಕಡೆ ತಾಗಿಸ್ಕೋತಾಳೆ, ಪೆದ್ದಿ,” ಅಕ್ಕ ನಕ್ಕಳು. “ಪ್ರಿಂಟ್ ಆಯ್ತಾ? ಹಳೇ ಆಲ್ಬಮ್ಮೂ ತಂದಿದೀನಿ, ಅದೇ ಸೈಜಿಗೆ ಮಾಡ್ಕೊಡು.”

“ಅಕ್ಕಾ, ಇವತ್ತು ನೀವು ಬಸ್ ಹತ್ತೋದು ಬೇಡ,” ಎಂದುಬಿಟ್ಟೆ.

“ಯಾಕೆ, ಪ್ರಿಂಟರ್ ಕೆಟ್ಟಿದೆಯಾ?”

ಕಂಪ್ಯೂಟರಿನ ಮುಂದೆ ಕೂರಿಸಿ ತೋರಿಸಿದೆ. ಒಂದೊಂದೇ ಫೋಟೋ. ಅಕ್ಕನ ನಗು ಮೂರನೆಯದಕ್ಕೆ ನಿಂತಿತು. ಆಸ್ಪತ್ರೆಯವರು ಹೇಳಿದ್ದನ್ನು ಹೇಳಿದೆ, ಹನ್ನೆರಡೂವರೆಯ ಗಡುವನ್ನೂ ಹೇಳಿದೆ. ಭಾವ ಕೈಕಟ್ಟಿ ನಿಂತು ಎಲ್ಲವನ್ನೂ ನೋಡಿದರು. ಆಮೇಲೆ ಅಕ್ಕನ ಚೀಲದಿಂದ ಹಳೆಯ ಆಲ್ಬಮ್ ತೆಗೆದು ಕೀಬೋರ್ಡಿನ ಮೇಲೆ ಬಿಚ್ಚಿಟ್ಟರು.

“ಇದರಲ್ಲಿ ಮಗು ನೇರವಾಗಿ ನೋಡ್ತಿರೋ ಫೋಟೋ ಐವತ್ತಿವೆ. ನಾನೇ ಅಂಟಿಸಿದ್ದು, ಲೆಕ್ಕ ಗೊತ್ತು. ಐವತ್ತರಲ್ಲೂ ಎರಡು ಕಣ್ಣು ಸರಿಯಾಗಿದೆ. ಇವತ್ತಿನ ಹತ್ತೊಂಬತ್ತರಲ್ಲಿ ಮಾತ್ರ ಇಲ್ಲ. ಬದಲಾಗಿದ್ದೇನು? ಕ್ಯಾಮೆರಾ ಅದೇ, ಮಗು ಅದೇ. ನಿನ್ನ ತಂತ್ರಾಂಶ ಒಂದೇ ಹೊಸದು. ಹೌದೋ ಅಲ್ವೋ?”

ಅವರ ತರ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಅವರ ಕೈಗೆ ಹೋದ ಪುರಾವೆಯಲ್ಲಿ.

“ನೋಡೇ, ನನ್ನ ಪ್ರಾಣ ಹೋಗಿತ್ತು!” ಅಕ್ಕನಿಗೆ ಉಸಿರು ಬಂತು. “ಮಿಷನ್ನಿನ ತಪ್ಪು. ಬಸ್ಸು ಬಿಟ್ಟು ಎರಡು ದಿನ ಇಲ್ಲಿ ಕೂತ್ಕೊಳ್ಳೋಕೆ ಹಾಸಿಗೆ ಕೂಡ ಇಲ್ಲ ಮಾರಾಯ್ತಿ, ಲಾರಿಲಿ ಹೋಯ್ತು. ಅಲ್ಲಿಗೆ ಹೋಗಿ, ಬೇಕಾದ್ರೆ ಮುಂದಿನ ತಿಂಗಳು ತೋರಿಸ್ತೀವಿ.”

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಹದಿನೆಂಟು. ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದರು. ನನ್ನ ಮುಖ ನೋಡಿ ಅವರಿಗೆ ಏನೋ ತಿಳಿದಿರಬೇಕು. “ಇದ್ದಿದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದೀತಾರಂತೆ. ಒದ್ರೆ ಒದೀಲಿ. ಹೇಳಮ್ಮ ವಿಜ್ಞಾನಿ,” ಎಂದರು.

ಪುಸ್ತಕ ಬಿಚ್ಚಿ ಆಲ್ಬಮ್ಮಿನ ಪಕ್ಕದಲ್ಲಿಟ್ಟೆ.

“ಈ ಐವತ್ತರಲ್ಲಿ ಇಪ್ಪತ್ತೊಂದು ಎಡಗಣ್ಣು ಅವಳದ್ದಲ್ಲ. ನಾನು ಬಲಗಣ್ಣು ನಕಲು ಮಾಡಿ ಅಂಟಿಸಿದ್ದು. ಈ ಬಾಣದ ಗುರುತೆಲ್ಲ ಅದೇ.”

ಬುಗುರಿ ಮೇಜಿನ ಕೆಳಗೆ ತಂತಿಯ ಜೊತೆ ಆಡುತ್ತಿದ್ದಳು. ಅಕ್ಕ ಆಲ್ಬಮ್ಮಿನ ಒಂದು ಫೋಟೋದ ಮೇಲೆ ಹೆಬ್ಬೆರಳಿಟ್ಟಳು. ನವೆಂಬರಿನದು. ಅದನ್ನೇ ದೊಡ್ಡದು ಮಾಡಿಸಿ ಮನೆಯಲ್ಲಿ ತೂಗುಹಾಕಿದ್ದಳು.

“ಇದು?”

“ಅದೂ.”

“ನಿಂಗೆ ಕಂಡಿತ್ತಾ?”

“ಕಂಡಿತ್ತು. ಕಿಟಕಿ ಬೆಳಕು ಅಂದ್ಕೊಂಡೆ. ಇನ್ನೊಂದು ಸಲ ಓರೆ ನೋಟ ಅಂದ್ಕೊಂಡೆ. ಪ್ರತಿ ಸಲಾನೂ ಏನಾದ್ರೂ ಒಂದು ಅಂದ್ಕೊಂಡೆ.”

“ಇಪ್ಪತ್ತೊಂದು ಸಲ ಅಂದ್ಕೊಂಡೆಯಾ?” ಅವಳ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. “ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ದೆ ಕಣೇ, ನನ್ನ ತಂಗಿ ಕೈಯಲ್ಲಿ ಫೋಟೋ ಹೇಗೆ ಬರುತ್ತೆ ನೋಡಿ ಅಂತ.”

ಭಾವ ಪುಸ್ತಕವನ್ನು ತಿರುವಿ ತಿರುವಿ ನೋಡುತ್ತಿದ್ದರು. ಅವರ ಮುಖ ಬಿಳಿಚಿತ್ತು, ಆದರೆ ಮಾತು ಕಚೇರಿಯದೇ.

“ಸರಿ. ಹಳೇ ಪುರಾವೆ ಕೆಟ್ಟಿದೆ, ಬಿಡು. ಹೊಸದು ಬೇಕು. ತಕ್ಕಡಿ ಕೆಟ್ಟಿದೆಯೋ ಸರಕು ಕೆಟ್ಟಿದೆಯೋ ಗೊತ್ತಾಗಬೇಕಾದ್ರೆ ಗೊತ್ತಿರೋ ತೂಕ ಇಟ್ಟು ನೋಡ್ಬೇಕು. ಅವಳಮ್ಮನ ಕಣ್ಣು ಸರಿ ಇದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ತೆಗಿ. ತಂತ್ರಾಂಶ ಮುಟ್ಟಕೂಡದು. ಕ್ಯಾಮೆರಾದ ಪರದೆ ಮೇಲೆ ನಾನೇ ನೋಡ್ತೀನಿ.”

“ಟೈಮ್ ಇಲ್ಲ ಭಾವ. ನೇರವಾಗಿ ಆಸ್ಪತ್ರೆಗೇ—”

“ಎಷ್ಟು ನಿಮಿಷ ಬೇಕು?”

“ಹತ್ತು.”

“ಹತ್ತು ನಿಮಿಷ ಕೊಡ್ತೀನಿ. ಅಮ್ಮನ ಕಣ್ಣು ಕೆಂಪು, ಮಗಳ ಕಣ್ಣು ಬಿಳಿ ಬಂದ್ರೆ, ಬಸ್ಸಲ್ಲ, ವಿಮಾನ ಇದ್ರೂ ಬಿಡ್ತೀನಿ.”

ಮೂವತ್ತು ವರ್ಷ ಕೆಂಪು ಕಣ್ಣು ಬಾರದಂತೆ ನೋಡಿಕೊಂಡ ಸ್ಟುಡಿಯೋದಲ್ಲಿ ನಾವು ಅದು ಬರಲೆಂದು ಸಿದ್ಧತೆ ಮಾಡತೊಡಗಿದೆವು. ದೊಡ್ಡ ಕ್ಯಾಮೆರಾ, ಛತ್ರಿಯ ದೀಪಗಳನ್ನು ಬದಿಗೆ ಸರಿಸಿದೆ. ದೊಡ್ಡಪ್ಪ ಕೌಂಟರಿನ ಕೆಳಗಿನಿಂದ ಅಗ್ಗದ ಚಿಕ್ಕ ಕ್ಯಾಮೆರಾ ಒಂದನ್ನು ತೆಗೆದು ಕೊಟ್ಟರು. ಅವರು ಅದನ್ನು ‘ಡಬ್ಬಿ’ ಎಂದೇ ಕರೆಯುವುದು. ಅದರಲ್ಲಿ ಕೆಂಪು ಕಣ್ಣು ತಡೆಯಲು ಮುಂಚೆಯೇ ಮಿನುಗುವ ಫ್ಲ್ಯಾಶನ್ನು ನಿಲ್ಲಿಸಿದೆ. ಅಕ್ಕ ಸ್ಟೂಲಿನ ಮೇಲೆ ಕೂತು ಬುಗುರಿಯನ್ನು ಕೆನ್ನೆಗೆ ಕೆನ್ನೆ ತಾಗುವಂತೆ ಹಿಡಿದಳು. ನಾನು ಎರಡು ಮೀಟರ್ ದೂರದಲ್ಲಿ ಮಂಡಿಯೂರಿದೆ. ಒಂದೇ ಒಂದು ಮಂದ ದೀಪ ಉಳಿಸಿ, ಕಣ್ಣು ಹಿಗ್ಗಲಿ ಎಂದು ಎರಡು ನಿಮಿಷ ಕಾದೆವು. ಆ ಎರಡು ನಿಮಿಷ ಅಕ್ಕ ನನ್ನನ್ನು ನೇರವಾಗಿ ನೋಡುತ್ತಿದ್ದಳು. ಕತ್ತಲಲ್ಲೂ ಅದು ತಿಳಿಯುತ್ತಿತ್ತು.

“ಮಗು ಲೆನ್ಸನ್ನೇ ನೋಡಬೇಕು ದೊಡ್ಡಪ್ಪ. ಓರೆಯಾದ್ರೆ ಲೆಕ್ಕಕ್ಕಿಲ್ಲ.”

“ಕಾಗೆ ಹತ್ರ ಕಪ್ಪಾಗೋದು ಹೇಗೆ ಅಂತ ಹೇಳ್ಕೊಡ್ತೀಯಾ?” ಎಂದು ದೊಡ್ಡಪ್ಪ ನನ್ನ ತಲೆಯ ಮೇಲೆ ಬಗ್ಗಿ, ಊರಿನ ಅರ್ಧ ಮಕ್ಕಳ ಅಳು ನಿಲ್ಲಿಸಿದ ತಮ್ಮ ಕಾಗೆಯ ಕೂಗನ್ನು ಕೂಗಿದರು. ದನಿ ಒಮ್ಮೆ ಒಡೆಯಿತು. ಬುಗುರಿ ಕಣ್ಣರಳಿಸಿ ಲೆನ್ಸಿನತ್ತ ನೋಡಿದಳು.

ಒತ್ತಿದೆ. ಹನ್ನೆರಡು ಸಲ, ನಡುವೆ ಅರ್ಧರ್ಧ ನಿಮಿಷ ಬಿಟ್ಟು. ಪ್ರತಿ ಸಲವೂ ಕಾಗೆ.

ಭಾವ ಕ್ಯಾಮೆರಾ ಕಸಿದುಕೊಂಡಂತೆ ತೆಗೆದುಕೊಂಡರು. ನಾಲ್ಕು ಫೋಟೋಗಳಲ್ಲಿ ಬುಗುರಿ ಬೇರೆ ಕಡೆ ನೋಡಿದ್ದಳು. ಅವನ್ನು ಅವರೇ ಬಿಟ್ಟರು. ಉಳಿದ ಎಂಟನ್ನು ಒಂದೊಂದಾಗಿ ಹಿಗ್ಗಿಸಿ, ಪುಸ್ತಕದ ಹೊಸ ಪುಟದಲ್ಲಿ ತಮ್ಮ ಪೆನ್ನಿನಿಂದ ನಾಲ್ಕು ಕಂಬ ಎಳೆದು ಗುರುತು ಹಾಕತೊಡಗಿದರು. ತಾಯಿ ಬಲ, ಕೆಂಪು. ತಾಯಿ ಎಡ, ಕೆಂಪು. ಮಗು ಬಲ, ಕೆಂಪು. ನಾಲ್ಕನೆಯ ಕಂಬಕ್ಕೆ ಬಂದಾಗಲೆಲ್ಲ ಪೆನ್ನು ಒಂದು ಕ್ಷಣ ನಿಲ್ಲುತ್ತಿತ್ತು. ಎಂಟು ಸಾಲು ಮುಗಿದವು. ಎಂಟರಲ್ಲಿ ಎಂಟೂ ಬಿಳಿ. ಇಷ್ಟು ಹೊತ್ತೂ ಅವರು ನಂಬಿಕೊಂಡಿದ್ದದ್ದು ಉಪಕರಣ ಕೆಟ್ಟಿದೆ ಎಂಬುದೊಂದನ್ನೇ. ಉಪಕರಣ ಸರಿಯಾಗಿತ್ತು.

ಅವರು ಪೆನ್ನಿನ ಮುಚ್ಚಳ ಹಾಕಿದರು. “ವ್ಯಾನ್ ಕೀ ಎಲ್ಲಿ?” ಎಂದರು.

ಆಗ ಹನ್ನೊಂದು ಐವತ್ತು. ದೊಡ್ಡಪ್ಪ ಓಡಿಸಿದರು. ಸೇತುವೆಯ ಬಳಿ ರಸ್ತೆ ಅಗೆದಿತ್ತು, ಒಂದೊಂದೇ ಗಾಡಿ ಬಿಡುತ್ತಿದ್ದರು. ಹನ್ನೆರಡು ಆರಕ್ಕೆ ನಮ್ಮ ಮುಂದೆ ಹದಿನಾಲ್ಕು ಗಾಡಿಗಳಿದ್ದವು, ಹನ್ನೆರಡು ಹನ್ನೊಂದಕ್ಕೆ ಒಂಬತ್ತು. ಎಣಿಸುವುದನ್ನು ನಿಲ್ಲಿಸಲು ನನ್ನಿಂದಾಗಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕ ಬುಗುರಿಯ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿ, “ಇದೇನು ಹೇಳು ಪುಟ್ಟಿ, ಅಮ್ಮನ ಬೆರಳು ಎಷ್ಟು?” ಎಂದು ಪಿಸುಗುಟ್ಟುತ್ತಿದ್ದಳು. ಬುಗುರಿ ಬೆರಳಿನ ಕಡೆ ತಿರುಗದೆ, ಮುಚ್ಚಿದ ಕೈಯನ್ನು ಕೀಳಲು ಒದ್ದಾಡುತ್ತಿದ್ದಳು. ಎರಡನೆಯ ಸಲ ಪ್ರಯತ್ನಿಸಿದ ಮೇಲೆ ಅಕ್ಕ ಕೈ ತೆಗೆದಳು, ಮತ್ತೆ ಕೇಳಲಿಲ್ಲ.

ಆಸ್ಪತ್ರೆಯ ಚೀಟಿ ಕಿಟಕಿಯ ಮುಂದೆ ನಾನು ನಿಂತಾಗ ಹನ್ನೆರಡು ಇಪ್ಪತ್ತೇಳು. ಒಳಗಿದ್ದಾತ ಪುಸ್ತಕ ಮುಚ್ಚುತ್ತಿದ್ದ. “ಸೋಮವಾರ ಬನ್ನಿ.”

“ಇನ್ನೂ ಮೂರು ನಿಮಿಷ ಇದೆ,” ಎಂದರು ಭಾವ. ಕಿಟಕಿಯೊಳಗೆ ಕೈ ಹಾಕಿ ತಮ್ಮ ಗಡಿಯಾರ ತೋರಿಸಿದರು. “ನಿಮ್ಮ ಗೋಡೆ ಗಡಿಯಾರ ನಾಲ್ಕು ನಿಮಿಷ ಮುಂದಿದೆ. ಬೇಕಾದ್ರೆ ಈಗಲೇ ಫೋನ್ ಮಾಡಿ ಕೇಳಿ.”

ಆತ ಭಾವನ ಮುಖ ನೋಡಿ ಚೀಟಿ ಬರೆದ.

ಕಣ್ಣಿನ ಡಾಕ್ಟರಮ್ಮನಿಗೆ ಐವತ್ತೈದು ದಾಟಿರಬಹುದು. ಮೊದಲು ಬರಿಯ ಟಾರ್ಚು ಬಿಟ್ಟು ನೋಡಿದರು. ಪಾಪೆ ಸಾಸಿವೆಯಷ್ಟು ಕುಗ್ಗಿತು, ಏನೂ ಕಾಣಲಿಲ್ಲ. ಭಾವನ ಭುಜ ಸ್ವಲ್ಪ ಸಡಿಲವಾದದ್ದು ನನಗೆ ಕಂಡಿತು. ನಾನು ಕ್ಯಾಮೆರಾ ಮುಂದಿಟ್ಟೆ. ಅವರು ಎಂಟು ಫೋಟೋ ನೋಡಿ, ಪಾಪೆ ಹಿಗ್ಗಿಸುವ ಹನಿ ಹಾಕಿಸಿದರು. ಅರ್ಧ ಗಂಟೆಯ ಮೇಲೆ ಬುಗುರಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಮಲಗಿಸಿ, ತಲೆಗೆ ಕಟ್ಟಿಕೊಂಡ ದೀಪದಿಂದ ಬಲಗಣ್ಣು ನೋಡಿದರು. ಅದಕ್ಕೆ ಒಂದು ನಿಮಿಷ. ಎಡಗಣ್ಣಿಗೆ ಆರು.

“ಫೋಟೋದಲ್ಲಿ ಹೀಗೆ ಯಾವಾಗಿಂದ ಕಾಣ್ತಿದೆ?” ಎಂದು ಕೇಳಿದರು.

ಅಕ್ಕ ನನ್ನನ್ನು ನೋಡಲಿಲ್ಲ. “ಅವಳನ್ನ ಕೇಳಿ. ಅವಳಿಗೇ ಗೊತ್ತಿರೋದು,” ಎಂದಳು.

ಪುಸ್ತಕ ಕೊಟ್ಟೆ. ಯಾವ ಗುರುತು ಏನು, ಏಕೆ ಹಾಕಿದ್ದು, ಹಾಕಿ ಏನು ಮಾಡಿದೆ ಎಂದು ಹೇಳಿದೆ. ಮೂವರೂ ಕೇಳುತ್ತಿದ್ದರು. ಡಾಕ್ಟರಮ್ಮ ಕನ್ನಡಕ ಏರಿಸಿ ಒಂಬತ್ತರಲ್ಲಿ ಒಂದು, ಹನ್ನೊಂದರಲ್ಲಿ ಎರಡು ಎಂದು ಬೆರಳಿಟ್ಟು ಓದಿದರು.

“ಇಷ್ಟು ಸರಿಯಾಗಿ ಬರೆದಿದ್ದೀಯ. ಒಂದು ಸಲ ಓದಬಾರದಿತ್ತೇನಮ್ಮ?”

ಉತ್ತರಕ್ಕೆ ಕಾಯಲಿಲ್ಲ. ಅಕ್ಕನ ಕಡೆ ತಿರುಗಿದರು.

“ಕಣ್ಣಿನ ಒಳಗೆ ಗಡ್ಡೆ ಇದೆ. ಚಿಕ್ಕ ಮಕ್ಕಳಲ್ಲಿ ಬರೋ ಕ್ಯಾನ್ಸರ್ ಇದು. ತಾಳಿ, ಪೂರ್ತಿ ಕೇಳಿ. ಹೊರಗೆ ಹರಡೋಕೆ ಮುಂಚೆ ಬಂದ ಮಕ್ಕಳು ಬದುಕ್ತಾರೆ. ಕಣ್ಣಿಂದ ಮಿದುಳಿಗೆ ಹೋಗೋ ದಾರಿ ಒಂದೇ, ದೃಷ್ಟಿನರ. ಗಡ್ಡೆ ಆ ನರವನ್ನ ಮುಟ್ಟಿದ್ರೆ ನಾನು ಕಣ್ಣಿನ ಮಾತಾಡಲ್ಲ, ಕಣ್ಣು ತೆಗೆದು ಮಗೂನ ಉಳಿಸ್ಕೊಳ್ಳೋ ಮಾತು ಮಾತ್ರ. ನಡುವೆ ಒಂದೂವರೆ ಮಿಲಿಮೀಟರಾದ್ರೂ ಒಳ್ಳೇ ಜಾಗ ಇದ್ರೆ ಕಣ್ಣು ಉಳಿಸ್ತೀನಿ. ನೇರ ನೋಟ ಕಮ್ಮಿ ಇರುತ್ತೆ, ಕಣ್ಣು ಇರುತ್ತೆ. ಅವಳು ಅಲುಗಾಡದೆ ಇದ್ರೇನೇ ಅಳೆಯೋಕಾಗೋದು. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಲಿ ಕರ್ಕೊಂಡು ಬನ್ನಿ, ಅರಿವಳಿಕೆ ಕೊಟ್ಟು ನೋಡ್ತೀನಿ.”

“ಈಗ ನೋಡಿದ್ರಲ್ಲ ಮೇಡಂ, ಮುಟ್ಟಿದೆಯಾ?” ಭಾವ ಕೇಳಿದರು.

“ಅಂದಾಜು ಹೇಳಲ್ಲ.”

ಭಾವ ತಲೆಯಾಡಿಸಿದರು. ಅವರೂ ತಮ್ಮ ಕೆಲಸದಲ್ಲಿ ಅದೇ ಉತ್ತರ ಕೊಡುವವರು.

ಎರಡು ಹತ್ತರ ಬಸ್ಸು ಅವರಿಲ್ಲದೆ ಹೋಯಿತು. ಹಾಸಿಗೆ ಇಲ್ಲದ್ದರಿಂದ ಎಲ್ಲರೂ ದೊಡ್ಡಪ್ಪನ ಮನೆಯಲ್ಲಿ ಉಳಿದೆವು. ಭಾನುವಾರವಿಡೀ ಅಕ್ಕ ನನ್ನ ಜೊತೆ ಆಡಿದ್ದು ನಾಲ್ಕು ಮಾತು: ಟವೆಲ್ ಎಲ್ಲಿದೆ, ಬಿಸಿನೀರು ಇದೆಯಾ, ಬಾಗಿಲು ಹಾಕು, ದೀಪ ಆರಿಸು. ಭಾವ ಹೊಸ ಊರಿನ ಕಚೇರಿಗೆ ರಜೆಯ ಅರ್ಜಿ ಬರೆದು ಮೂರು ಸಲ ಹರಿದರು. ಬುಗುರಿ ಮಾತ್ರ ಖಾಲಿ ಹಜಾರ ಸಿಕ್ಕ ಸಂತೋಷದಲ್ಲಿ ಸುತ್ತಿದಳು. ಎಡಕ್ಕೆ ತಿರುಗುವಾಗಲೆಲ್ಲ ದೊಡ್ಡಪ್ಪ ಗೋಡೆಗೂ ಅವಳಿಗೂ ನಡುವೆ ಹೋಗಿ ನಿಂತರು, ಆಟದ ನೆಪದಲ್ಲಿ.

ಸೋಮವಾರ ಎಂಟೂಕಾಲಿಗೆ ಅವಳನ್ನು ಒಳಗೆ ಕರೆದೊಯ್ದರು. ಹೊರಗೆ ನಾಲ್ಕು ಕುರ್ಚಿಗಳ ಒಂದು ಸಾಲು. ಅಕ್ಕ ಒಂದು ತುದಿಯಲ್ಲಿ, ನಾನು ಇನ್ನೊಂದು ತುದಿಯಲ್ಲಿ ಕೂತೆವು. ನಡುವೆ ಭಾವ, ದೊಡ್ಡಪ್ಪ. ಮಗುವಿನ ಚಪ್ಪಲಿ ಅಕ್ಕನ ಕೈಯಲ್ಲಿತ್ತು. ಅದರ ಪಟ್ಟಿಯನ್ನು ಹಾಕುವಳು, ಬಿಚ್ಚುವಳು.

ಒಂಬತ್ತು ನಲವತ್ತಕ್ಕೆ ಡಾಕ್ಟರಮ್ಮ ನಮ್ಮೆಲ್ಲರನ್ನೂ ಒಳಗೆ ಕರೆದರು. ಬುಗುರಿ ಪಕ್ಕದ ಕೋಣೆಯಲ್ಲಿ ಇನ್ನೂ ನಿದ್ದೆಯಲ್ಲಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಅವಳ ಎಡಗಣ್ಣಿನ ಒಳಗಿನ ಚಿತ್ರವಿತ್ತು. ಪರದೆಯ ತುಂಬ ಕೆಂಪು, ಐದು ವರ್ಷ ನಾನು ಒಂದೊಂದೇ ಚುಕ್ಕೆಯಾಗಿ ಆರಿಸುತ್ತಿದ್ದ ಅದೇ ಕೆಂಪು. ಅದರ ಮೇಲೆ ಬೇರಿನಂತೆ ಹರಡಿದ ನಾಳಗಳು. ಒಂದು ಕಡೆ ನರ ಒಳಬರುವ ಬಿಳಿಚಿದ ದುಂಡು ಬಾಯಿ. ಅದರ ಪಕ್ಕದಲ್ಲಿ, ಉಬ್ಬಿಕೊಂಡು, ಹಾಲುಹಳದಿಯ ಗಡ್ಡೆ. ಎರಡರ ನಡುವೆ ಕೆಂಪಿನ ಒಂದು ಸಣ್ಣ ಓಣಿ ಇದೆಯೋ ಇಲ್ಲವೋ ಎಂದು ನಾನು ಮುಂದೆ ಬಗ್ಗಿ ನೋಡಿದೆ. ಓಣಿ ಇತ್ತು. ಒಂದೂವರೆ ಮಿಲಿಮೀಟರ್ ಅಗಲ ಇದೆಯೇ ಎಂಬುದನ್ನು ಬರಿಗಣ್ಣು ಹೇಳುವಂತಿರಲಿಲ್ಲ. ಬರಿಗಣ್ಣಿನಲ್ಲಿ ನನಗೆ ನಂಬಿಕೆಯೂ ಉಳಿದಿರಲಿಲ್ಲ.

“ಇನ್ನೊಂದು ಕಣ್ಣು ಪೂರ್ತಿ ಚೆನ್ನಾಗಿದೆ. ಇದರಲ್ಲಿ ಒಂದೇ ಗಡ್ಡೆ. ಮೂರು ಸಲ ಅಳೆದಿದೀನಿ, ಮೂರೂ ಒಂದೇ ಬಂತು,” ಎಂದು ಡಾಕ್ಟರಮ್ಮ ಅಳತೆಯ ಹಾಳೆಯನ್ನು ಭಾವನಿಗೆ ಚಾಚಿದರು.

ಭಾವ ತೆಗೆದುಕೊಂಡರು. ದಿನವಿಡೀ ಬೇರೆಯವರ ಅಂಕಿಗಳನ್ನು ಓದುವ ಮನುಷ್ಯ ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದರು. “ಕಾಣ್ತಿಲ್ಲ,” ಎಂದರು ಮೆಲ್ಲಗೆ.

ಅಕ್ಕ ಅವರ ಕೈಯಿಂದ ಹಾಳೆ ತೆಗೆದುಕೊಂಡು, ಮಡಿಸದೆ, ನೋಡದೆ, ನನ್ನ ಮುಂದೆ ಹಿಡಿದಳು.

“ನೀನು ಓದ್ತೀಯ. ಇದ್ದಿದ್ದು ಇದ್ದ ಹಾಗೆ.”

ನಾನು ಮೇಲಿನಿಂದ ಶುರುಮಾಡಿ, ಯಾವ ಸಾಲನ್ನೂ ಬಿಡದೆ, ಗಟ್ಟಿಯಾಗಿ ಓದಿದೆ. ಹೆಸರು, ವಯಸ್ಸು, ದಿನಾಂಕ, ವೇಳೆ. ಎಡಗಣ್ಣು. ಗಡ್ಡೆ ಒಂದು. ಬುಡದ ಅಗಲ 6.4 ಮಿಲಿಮೀಟರ್. ಎತ್ತರ 3.1 ಮಿಲಿಮೀಟರ್. ಗಡ್ಡೆಯ ಅಂಚಿಗೂ ದೃಷ್ಟಿನರಕ್ಕೂ ನಡುವಿನ ಅಂತರ 1.8 ಮಿಲಿಮೀಟರ್.